ವ್ಯೂಹದಾಟಕ್ಕೆ ಹೊಸಬರಾದವರಿಗೆ ಕೆಲವು ಮಾತು

ಆಟವೆಂದೊಡನೆ ನಮ್ಮ ಕೊಡಗಿನಲ್ಲಿ ಎಲ್ಲರ ಕಣ್ಣೂ ಮೈದಾನದ ಕಡೆಗೆ ಹೊರಳುವುದು ಸಹಜವೇ. ೧೯೯೭ರಲ್ಲಿ ಕರಡದಲ್ಲಿ ಆರಂಭವಾದ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಯ ಕಾಲ ಬಂತೆಂದರೆ ತರಗತಿಯ ಹಿಂದಿನ ಬೆಂಚುಗಳು ಬರಿದಾಗುವುದನ್ನು ನಮ್ಮ ಅಧ್ಯಾಪಕರು ಕಂಡಿದ್ದಾರೆ. ಕಂಡೂ ಕಾಣದವರಂತೆ ಹಾಜರಿ ಕರೆದಿದ್ದಾರೆ. ಕೂತು ಆಡುವ ಆಟಕ್ಕೆ ಮಾತ್ರ ನಮ್ಮಲ್ಲಿ ಅಂಥ ಮರ್ಯಾದೆಯಿಲ್ಲ. ಚದುರಂಗಕ್ಕಾದರೂ ಸ್ವಲ್ಪ ಗೌರವವುಂಟು. ಕಂಪ್ಯೂಟರಿನಲ್ಲಿ ಆಡುವುದಕ್ಕಂತೂ ‘ಚಟ’ ಎಂಬ ಒಂದೇ ಹೆಸರು. ಎಲ್ಲವನ್ನೂ ಒಂದೇ ಗೋಣಿಗೆ ತುಂಬಿ ಬಾಯಿ ಹೊಲಿಯುವ ಈ ವಾಡಿಕೆ ಸರಿಯಲ್ಲವೆಂದು ನನ್ನ ಅಭಿಪ್ರಾಯ. ಅರೇಬಿಕಾ ಬೇರೆ, ರೊಬಸ್ಟಾ ಬೇರೆ ಎಂದು ವಿಂಗಡಿಸಿ ಮೂಟೆ ಕಟ್ಟುವ ಊರಿನವರು ನಾವು. ಆಟಗಳ ವಿಷಯದಲ್ಲಿಯೂ ಅಷ್ಟು ವಿವೇಕವನ್ನು ತೋರಿಸಬಾರದೇಕೆ?

ನಾನು ಹೇಳಹೊರಟಿರುವುದು ಒಂದು ವಿಶೇಷ ಜಾತಿಯ ಆಟದ ಬಗ್ಗೆ. ಇದನ್ನು ‘ವ್ಯೂಹದಾಟ’ ಎಂದು ಕರೆಯೋಣ. ಇದರಲ್ಲಿ ಚದುರಂಗದಂತೆ ಸರದಿಯ ಮೇಲೆ ಕಾಯಿ ನಡೆಸಬೇಕು. ಆದರೆ ಇಲ್ಲಿಯ ಕಾಯಿಗಳು ಮರದ ತುಂಡುಗಳಲ್ಲ. ಒಂದೊಂದಕ್ಕೂ ಹೆಸರಿದೆ, ಗುಣವಿದೆ, ಪ್ರಾಣದ ಲೆಕ್ಕವಿದೆ. ಕಾದಾಡುತ್ತ ಅನುಭವ ಗಳಿಸಿ ಮೇಲಿನ ದರ್ಜೆಗೆ ಏರುವ ಅವಕಾಶವಿದೆ. ಇದಕ್ಕೆಲ್ಲ ಹಿನ್ನೆಲೆಯಾಗಿ ಒಂದು ಕಥೆ ನಡೆಯುತ್ತಿರುತ್ತದೆ. ಆಡುವವನು ಆ ಕಥೆಯ ದಂಡನಾಯಕ. ಜಪಾನಿನಲ್ಲಿ ೧೯೯೦ರಲ್ಲಿ ಹೊರಬಂದ ‘ಫೈರ್ ಎಂಬ್ಲೆಮ್’ ಈ ಜಾತಿಗೆ ದಾರಿ ಹಾಕಿದ ಆಟಗಳಲ್ಲಿ ಹೆಸರಾದದ್ದು. ಅದರಲ್ಲಿ ಒಮ್ಮೆ ಸತ್ತ ಯೋಧ ಸತ್ತಂತೆಯೇ. ಮುಂದಿನ ಕಾಳಗದಲ್ಲಿ ಎದ್ದು ಬರುವುದಿಲ್ಲ. ನಮ್ಮಂಥವರ ಕೈಗೆ ಎಟುಕುವುದು ಇನ್ನೊಂದು: ಡೇವಿಡ್ ವೈಟ್ ಎಂಬವರು ೨೦೦೩ರಲ್ಲಿ ಆರಂಭಿಸಿ, ಆಮೇಲೆ ನಾನಾ ದೇಶಗಳ ಸ್ವಯಂಸೇವಕರು ಬೆಳೆಸಿದ ‘ಬ್ಯಾಟಲ್ ಫಾರ್ ವೆಸ್ನಾತ್’. ಇದಕ್ಕೆ ಕಾಸು ಕೊಡಬೇಕಾಗಿಲ್ಲ. ಹಳೆಯ ಕಂಪ್ಯೂಟರಿನಲ್ಲಿಯೂ ನಡೆಯುತ್ತದೆ. ಒಮ್ಮೆ ಇಳಿಸಿಕೊಂಡ ಮೇಲೆ ಇಂಟರ್ನೆಟ್ಟಿನ ಹಂಗಿಲ್ಲ. ಆಷಾಢದ ಮಳೆಯಲ್ಲಿ ಮರ ಬಿದ್ದು ತಂತಿ ಕಡಿದು ಮೂರು ದಿನ ಸಂಪರ್ಕವೇ ಇಲ್ಲದ ಊರಿನವರಿಗೆ ಈ ಕೊನೆಯ ಗುಣದ ಬೆಲೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಮುಂದಕ್ಕೆ ಹೋಗುವ ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಹಣವಿಟ್ಟು ಆಡುವುದನ್ನು ನಾನು ಆಟವೆಂದು ಕರೆಯುವುದಿಲ್ಲ. ನಮ್ಮ ಹಾಸ್ಟೆಲಿನ ಗೆಳೆಯನೊಬ್ಬ ಪರೀಕ್ಷೆಯ ಶುಲ್ಕಕ್ಕೆಂದು ಮನೆಯಿಂದ ಬಂದ ಹಣವನ್ನು ಮೊಬೈಲಿನ ಇಸ್ಪೀಟಿನಲ್ಲಿ ಎರಡೇ ರಾತ್ರಿಯಲ್ಲಿ ಕಳೆದ. ಅವನ ತಂದೆ ಆ ಹಣವನ್ನು ಏಣಿ ಹತ್ತಿ ಮೆಣಸು ಕೊಯ್ದು ಸಂಪಾದಿಸಿದ್ದರು. ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಪಂದ್ಯರೂಪದ ಇ-ಕ್ರೀಡೆಯನ್ನೂ ಹಣದ ಪಣವಿಲ್ಲದ ಆಟಗಳನ್ನೂ ಬೇರೆಯಾಗಿ ಕಂಡಿದೆ. ಕಾಯಿದೆ ಮಾಡಿದವರಿಗೆ ತೋರಿದ ಈ ಭೇದ ನಮ್ಮ ಹಿರಿಯರಿಗೂ ತೋರಬೇಕೆಂಬುದಷ್ಟೇ ನನ್ನ ವಿನಂತಿ. ಗೆಳೆಯನ ಪ್ರಕರಣವಾದ ಮೇಲೆ ಹಾಸ್ಟೆಲಿನಲ್ಲಿ ಯಾರ ಕೈಯಲ್ಲಿ ಯಾವ ಆಟ ಕಂಡರೂ ಒಂದೇ ಬೈಗಳು. ಬೈದವರ ಕಳಕಳಿ ನನಗೆ ಅರ್ಥವಾಗುತ್ತದೆ. ಆದರೆ ಜೂಜನ್ನು ಬಿಡಿಸಬೇಕಾದರೆ ಅದರ ಜಾಗದಲ್ಲಿ ಕೈಗೆ ಬೇರೇನನ್ನಾದರೂ ಕೊಡಬೇಕಷ್ಟೆ. ಬರಿಗೈಯಲ್ಲಿ ಕೂತ ಹುಡುಗ ಎಷ್ಟು ದಿನ ಕೂತಾನು?

ಇನ್ನು ಕಾಲದ ಪ್ರಶ್ನೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅಂಥವನಿಗೆ ಆಟವೇಕೆ ಎಂದು ಕೇಳಿದವರುಂಟು. ಓದಿದ ಮನೆತನದ ಹುಡುಗ ಆಡಿದರೆ ಹವ್ಯಾಸ, ತೋಟದ ಲೈನಿನ ಹುಡುಗ ಆಡಿದರೆ ಕಾಲಹರಣ ಎಂಬ ತೀರ್ಪು ಎಲ್ಲಿಂದ ಬಂತೋ ತಿಳಿಯದು. ವ್ಯೂಹದಾಟದ ಒಂದು ಕಾಳಗಕ್ಕೆ ಒಂದೆರಡು ಗಂಟೆ ಹಿಡಿಯುತ್ತದೆ; ಯಾವ ಸರದಿಯಲ್ಲಿ ಬೇಕಾದರೂ ನಿಲ್ಲಿಸಿ ಎದ್ದುಹೋಗಬಹುದು. ವಾರದ ನಂತರ ಬಂದರೂ ಶತ್ರು ಕಾಯಿ ಕದಲಿಸದೆ ಕಾದಿರುತ್ತಾನೆ. ಇಷ್ಟು ಸೌಜನ್ಯವನ್ನು ನಮ್ಮ ಆಂತರಿಕ ಪರೀಕ್ಷೆಗಳಲ್ಲಿಯೂ ನಾನು ಕಂಡಿಲ್ಲ.

ಈಗ ಆಟಕ್ಕೆ ಬರೋಣ. ವೆಸ್ನಾತಿನ ಹಾಸು ಜೇನುಗೂಡಿನಂತೆ ಆರು ಮೂಲೆಯ ಮನೆಗಳಿಂದಾದದ್ದು. ಒಂದೊಂದು ಮನೆಯೂ ಒಂದೊಂದು ಬಗೆಯ ನೆಲ: ಹುಲ್ಲು, ಕಾಡು, ಗುಡ್ಡ, ಬೆಟ್ಟ, ತೊರೆ, ಜೌಗು, ಊರು, ಕೋಟೆ. ಹೊಸಬರು ಮೊದಲು ಮಾಡುವುದೇನೆಂದರೆ ಶತ್ರುವನ್ನು ಕಂಡೊಡನೆ ಅವನ ಮೇಲೆ ಬೀಳುವುದು; ತಾವು ನಿಂತ ನೆಲ ಯಾವುದೆಂದು ನೋಡುವುದೇ ಇಲ್ಲ. ಆದರೆ ಏಟು ತಾಗುವುದೂ ತಪ್ಪುವುದೂ ಏಟು ತಿನ್ನುವವನು ನಿಂತ ನೆಲವನ್ನು ಅವಲಂಬಿಸಿದೆ. ಸಾಧಾರಣ ಮನುಷ್ಯ ಯೋಧ ಬೆಟ್ಟದ ಮೇಲೆ ನಿಂತರೆ ೧೦ ಏಟಿನಲ್ಲಿ ೬ ತಪ್ಪಿಹೋಗುತ್ತವೆ. ಬಯಲ ಹುಲ್ಲಿನಲ್ಲಿ ೪. ಮೊಣಕಾಲುದ್ದ ನೀರಿನಲ್ಲಿ ಬರಿಯ ೨. ಆದ್ದರಿಂದ ನೀವು ದಡದಲ್ಲಿ ನಿಂತು ಶತ್ರುವನ್ನು ತೊರೆಗೆ ಇಳಿಯಗೊಟ್ಟರೆ ಅರ್ಧ ಕಾಳಗ ಗೆದ್ದಂತೆ. ಎಲ್ಫ್ ಎಂಬ ವನವಾಸಿಗಳು ಕಾಡಿನೊಳಗೆ ಸೇರಿಕೊಂಡರೆ ಅವರನ್ನು ಅಲ್ಲಿಯೇ ಹೋಗಿ ಕೆಣಕಬಾರದು; ಬಯಲಿಗೆ ಬರುವತನಕ ತಾಳಬೇಕು. ಕುದುರೆಯವನನ್ನು ಕಾಡಿಗೆ ನುಗ್ಗಿಸಿದರಂತೂ ಅವನ ಕಥೆ ಮುಗಿಯಿತೆಂದೇ ತಿಳಿಯಿರಿ.

ನೆಲ ನೋಡಿ ಕಾದುವ ಈ ಪಾಠ ಕೊಡಗಿನವರಿಗೆ ಹೊಸದಲ್ಲ. ನಮ್ಮ ಕಾಡು ತೋಟಗಳ ನಡುವೆ ಇಂದಿಗೂ ಕಾಣುವ ‘ಕಡಂಗ’ಗಳನ್ನು ನೋಡಿದವರಿಗೆ ಇದು ಗೊತ್ತು. ಬೆಟ್ಟದ ಮೈಯುದ್ದಕ್ಕೂ ತೋಡಿದ ಆ ಆಳವಾದ ಕಂದಕಗಳ ಹಿಂದೆ ನಿಂತವನಿಗೆ ಇರುವ ಅನುಕೂಲ ಮುಂದೆ ಬರುವವನಿಗಿಲ್ಲ. ನಾವು ದನ ಅಟ್ಟಿಕೊಂಡು ಹೋಗುವಾಗ ಬೈದುಕೊಂಡು ದಾಟುವ ಹಳ್ಳಗಳು ಒಂದು ಕಾಲದ ವ್ಯೂಹಶಾಸ್ತ್ರ!

ಇನ್ನೂ ಸಮೀಪದ ನಿದರ್ಶನ ಬೇಕೆಂದರೆ, ಮಡಿಕೇರಿಯಲ್ಲಿ ೧೯೦೬ರಲ್ಲಿ ಹುಟ್ಟಿದ ಜನರಲ್ ತಿಮ್ಮಯ್ಯನವರನ್ನು ನೆನೆಯಬೇಕು. ೧೯೪೮ರಲ್ಲಿ ಕಾಶ್ಮೀರದಿಂದ ಲಡಾಖಿಗೆ ಹೋಗುವ ಜೋಜಿಲಾ ಕಣಿವೆದಾರಿ ಶತ್ರುವಿನ ವಶದಲ್ಲಿತ್ತು. ಸಮುದ್ರಮಟ್ಟದಿಂದ ೧೧,೫೦೦ ಅಡಿಗೂ ಮಿಕ್ಕಿ ಎತ್ತರ. ಎರಡು ಕಡೆಯೂ ಬಂಡೆ. ಆ ಬಂಡೆಗಳ ಸಂದಿಯಲ್ಲಿ ಬಂದೂಕುಗಳು. ಸೆಪ್ಟೆಂಬರಿನಲ್ಲಿ ಕಾಲಾಳುಗಳು ಮಾಡಿದ ದಾಳಿಗಳು ಸಫಲವಾಗಲಿಲ್ಲ. ಆಗ ತಿಮ್ಮಯ್ಯನವರು ಯೋಚಿಸಿದ್ದು ಅಷ್ಟು ಎತ್ತರಕ್ಕೆ ಟ್ಯಾಂಕು ಬರಬಹುದೆಂದು ಶತ್ರು ಕನಸಿನಲ್ಲಿಯೂ ಎಣಿಸಿರಲಾರನೆಂಬುದನ್ನು. ೭ನೆಯ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳ ಗೋಪುರ ಕಳಚಿ, ಗುರುತು ಸಿಗದಂತೆ ಗುಟ್ಟಾಗಿ ಸಾಗಿಸಿ, ಎಂಜಿನಿಯರು ದಳದವರಿಂದ ದಾರಿ ಮಾಡಿಸಿ, ನವೆಂಬರ್ ೧ರಂದು ಕಣಿವೆಯೊಳಗೆ ನುಗ್ಗಿಸಿದರು. ಕಣಿವೆ ಕೈಸೇರಿತು. ಆ ಮುಂದಾಳುತನದ ಮೇಲೆ ಪಶ್ಚಿಮ ವಿಭಾಗದ ಸೇನಾಧಿಪತಿಯಾಗಿದ್ದವರು ಕಾರ್ಯಪ್ಪನವರು; ಅವರೂ ಕೊಡಗಿನವರೇ. ಇಬ್ಬರ ಚಿತ್ರಗಳಿಗೂ ವರ್ಷಕ್ಕೊಮ್ಮೆ ಹಾರ ಹಾಕುವ ನಾವು ಅವರು ಯೋಚಿಸಿದ ರೀತಿಯನ್ನು ಒಂದು ಗಂಟೆ ಕೂತು ಚರ್ಚಿಸಿದ್ದು ಕಡಿಮೆ. ಟ್ಯಾಂಕು ಬಯಲಿನ ಕಾಯಿ ಎಂಬುದು ತಿಮ್ಮಯ್ಯನವರಿಗೆ ಗೊತ್ತಿರಲಿಲ್ಲವೆಂದಲ್ಲ. ನಿಯಮವನ್ನು ಚೆನ್ನಾಗಿ ಅರಿತವನಿಗೆ ಮಾತ್ರ ಅದನ್ನು ಎಲ್ಲಿ, ಎಷ್ಟು ಸಿದ್ಧತೆಯಿಂದ ಮೀರಬಹುದೆಂಬುದು ತಿಳಿಯುತ್ತದೆ. ಹೊಸಬರು ಮೊದಲ ದಿನವೇ ಮೀರುವ ಕೆಲಸಕ್ಕೆ ಕೈ ಹಾಕದಿರುವುದು ಲೇಸು.

ನೆಲದ ಮೇಲೆ ಹೊತ್ತು. ವೆಸ್ನಾತಿನಲ್ಲಿ ಒಂದು ದಿನಕ್ಕೆ ೬ ಸರದಿ: ಮುಂಜಾವು, ಬೆಳಗು, ಮಧ್ಯಾಹ್ನ, ಮುಸ್ಸಂಜೆ, ಇರುಳಿನ ಎರಡು ಜಾವ. ರಾಜನಿಷ್ಠ ಮನುಷ್ಯರ ಪಡೆಯಲ್ಲಿ ಬಹುತೇಕರಿಗೆ ಹಗಲಿನಲ್ಲಿ ಏಟಿನ ಬಲ ೧೦೦ಕ್ಕೆ ೨೫ರಷ್ಟು ಹೆಚ್ಚು, ಇರುಳಿನಲ್ಲಿ ಅಷ್ಟೇ ಕಡಿಮೆ. ಓರ್ಕ್ ಎಂಬ ರಕ್ಕಸರಿಗೂ ಪ್ರೇತಗಳಿಗೂ ಇದು ತಿರುಗುಮುರುಗು. ಹಗಲಿನಲ್ಲಿ ಮುನ್ನುಗ್ಗಿದ ಪಡೆಯನ್ನು ಮುಸ್ಸಂಜೆಗೆ ಸರಿಯಾಗಿ ಊರು, ಗುಡ್ಡಗಳ ಆಸರೆಗೆ ಹಿಂದೆಗೆಯುವುದು ಇಲ್ಲಿ ಹೇಡಿತನವಲ್ಲ, ಲೆಕ್ಕಾಚಾರ.

ಈ ಒಂದು ನಿಯಮವನ್ನು ನಮ್ಮ ತಾಯಿಗೆ ನಾನು ಹೇಳಿಕೊಟ್ಟಿರಲಿಲ್ಲ. ರಜೆಯಲ್ಲಿ ಗೆಳೆಯನ ಹಳೆಯ ಲ್ಯಾಪ್‌ಟಾಪನ್ನು ಮನೆಗೆ ತಂದು ಆಡುತ್ತಿದ್ದಾಗ, ತೋಟದ ಕೆಲಸದಿಂದ ಬಂದವರು ಒಲೆ ಹಚ್ಚುವ ಮೊದಲು ಒಂದು ನಿಮಿಷ ಹಿಂದೆ ನಿಂತು ನೋಡಿದರು. ಪರದೆಯ ಬಣ್ಣ ಮಸುಕಾಗುತ್ತಿತ್ತು. “ಹೊತ್ತು ಮುಳುಗ್ತಾ ಬಂತಲ್ಲ ಮಗಾ, ಅವನೊಬ್ಬನ್ನೇ ಯಾಕೆ ಕಾಡಿನ ಬದಿಗೆ ಬಿಟ್ಟಿದ್ದೀಯ? ಈಚೆ ಕರಿ” ಎಂದರು. ಕಾಫಿ ತೋಟದಲ್ಲಿ ಆನೆಯ ದಾರಿಯನ್ನೂ ಆನೆಯ ಹೊತ್ತನ್ನೂ ಲೆಕ್ಕ ಹಾಕಿಕೊಂಡೇ ಮನೆ ಸೇರುವ ಅವರಿಗೆ ಇದರಲ್ಲಿ ಕಲಿಯುವುದೇನೂ ಇರಲಿಲ್ಲ. ನಾನು ಆ ಬಿಲ್ಲುಗಾರನನ್ನು ಈಚೆ ಕರೆದೆ. ಮುಂದಿನ ಸರದಿಯಲ್ಲಿ ಕಾಡಿನಿಂದ ಮೂವರು ಓರ್ಕರು ಹೊರಟುಬಂದರು.

ಮೂರನೆಯದು ಸಾಲು ಕಟ್ಟುವುದು. ಹಳ್ಳಿಯ ಜಗಲಿಯ ಮೇಲೆ, ಗುಡಿಯ ಚಪ್ಪಡಿಯ ಮೇಲೆ ಗೆರೆ ಕೊರೆದು ಆಡುವ ಹುಲಿ-ಕುರಿ ಆಟವನ್ನು ಬಲ್ಲವರಿಗೆ ಇದು ಸುಲಭ. ಅಲ್ಲಿ ಹುಲಿ ಮೂರು, ಕುರಿ ಹದಿನೈದು. ಕುರಿಯ ಬೆನ್ನ ಹಿಂದಿನ ಮನೆ ಖಾಲಿಯಿದ್ದರೆ ಹುಲಿ ಅದರ ಮೇಲೆ ಹಾರಿ ಕಡಿಯುತ್ತದೆ. ಅಲ್ಲಿ ಇನ್ನೊಂದು ಕುರಿಯಿದ್ದರೆ ಹಲ್ಲು ಕಡಿದುಕೊಂಡು ಸುಮ್ಮನಿರಬೇಕು. ಒಂಟಿಯಾಗಿ ಯಾವ ಬಲವೂ ಇಲ್ಲದ ಕುರಿಗಳು ಒಂದರ ಬೆನ್ನಿಗೆ ಒಂದು ನಿಂತು ಕೊನೆಗೆ ಹುಲಿಗೆ ಕಾಲಿಡಲು ಜಾಗವಿಲ್ಲದಂತೆ ಮಾಡುತ್ತವೆ. ವೆಸ್ನಾತಿನಲ್ಲಿಯೂ ಹಾಗೆಯೇ. ಬಯಲಲ್ಲಿ ಒಂಟಿಯಾಗಿ ನಿಂತವನ ಮೇಲೆ ಆರು ಕಡೆಯಿಂದ ಆರು ಮಂದಿ ಬೀಳಬಹುದು. ಎರಡು ಭುಜಕ್ಕೂ ಜತೆಗಾರರಿರುವವನ ಎದುರಿಗೆ ಇಬ್ಬರಿಗೆ ಮಾತ್ರ ಜಾಗ. ಅಲ್ಲದೆ ಎದುರಾಳಿಯ ಸುತ್ತಲ ಆರು ಮನೆಗಳಲ್ಲಿ ಯಾವುದಕ್ಕೆ ಕಾಲಿಟ್ಟರೂ ಆ ಸರದಿಯ ನಡಿಗೆ ಅಲ್ಲಿಗೆ ನಿಲ್ಲುತ್ತದೆ. ಹೀಗಾಗಿ ಕೆಲವೇ ಆಳುಗಳಿಂದ ಅಗಲವಾದ ಕಣಿವೆಯನ್ನು ಕಾಯಬಹುದು. ಗಾಯಗೊಂಡವನನ್ನು ಸಾಲಿನಿಂದ ತೆಗೆದು ಹಿಂದಿನ ಊರಿಗೆ ಕಳುಹಿಸಿದರೆ ಸರದಿಗೆ ೮ ಅಂಕದಂತೆ ಪ್ರಾಣ ತುಂಬುತ್ತದೆ. ಊರುಗಳು ಚಿನ್ನವನ್ನೂ ಕೊಡುತ್ತವೆ, ಸೈನಿಕರ ಸಂಬಳದ ಭಾರವನ್ನೂ ಸ್ವಲ್ಪ ಹೊರುತ್ತವೆ. ಆದ್ದರಿಂದ ಮೊದಲ ಕೆಲವು ಸರದಿಗಳಲ್ಲಿ ಊರು ಹಿಡಿಯುವುದೇ ಮುಖ್ಯ. ಕಾಳಗ ಎಲ್ಲಿಗೂ ಓಡಿಹೋಗುವುದಿಲ್ಲ.

ಆಯುಧದ ವಿಷಯ ಚುಟುಕಾಗಿ: ಎಲುಬಿನ ಹಂದರಕ್ಕೆ ಈಟಿ ಚುಚ್ಚಿ ಪ್ರಯೋಜನವಿಲ್ಲ, ಗದೆ ಬೇಕು ಇಲ್ಲವೆ ಬೆಂಕಿ ಬೇಕು. ಈಟಿಯವನ ಮೇಲೆ ಕುದುರೆ ಹಾಯಿಸಬಾರದು. ಉಳಿದದ್ದನ್ನು ಆಟದ ಸಹಾಯ ಪುಟಗಳೇ ಹೇಳುತ್ತವೆ.

ಹೊಸಬರೆಲ್ಲರೂ ತಪ್ಪದೆ ಆಡುವ ಒಂದು ದೂರಿದೆ: “ಅದೃಷ್ಟ ಕೆಟ್ಟಿತು, ಮೂರು ಏಟೂ ತಪ್ಪಿತು.” ಇದಕ್ಕೆ ನಮ್ಮ ಅರ್ಥಶಾಸ್ತ್ರ ತರಗತಿಯ ಸಂಖ್ಯಾಶಾಸ್ತ್ರ ಸಾಕು. ಬೆಟ್ಟದ ಮೇಲೆ ನಿಂತವನಿಗೆ ಈಟಿಯವನು ಮೂರು ಏಟು ಹಾಕಿದರೆ ಮೂರೂ ತಪ್ಪುವ ಸಂಭವ ೧೦೦ರಲ್ಲಿ ಸುಮಾರು ೨೨. ಬಯಲಿನಲ್ಲಿ ನಿಂತವನಾದರೆ ೬. ಐದರಲ್ಲಿ ಒಂದು ಸಲ ನಡೆಯುವ ಸಂಗತಿಯನ್ನು ದೌರ್ಭಾಗ್ಯವೆಂದು ಕರೆಯುವುದು ನ್ಯಾಯವಲ್ಲ. ಮೂರೂ ತಪ್ಪಿದರೆ ನನ್ನ ಆಳಿನ ಗತಿಯೇನು ಎಂದು ಕೇಳಿಕೊಂಡು, ಉತ್ತರ ಸಿಕ್ಕಿದ ಮೇಲೆಯೇ ಕೈ ಎತ್ತಬೇಕು. ಆಟ ಪ್ರತಿ ಸರದಿಯನ್ನೂ ತಾನೇ ಉಳಿಸಿಟ್ಟುಕೊಳ್ಳುವುದರಿಂದ, ಸೋತ ಸರದಿಗೆ ಹಿಂದಿರುಗಿ ಮತ್ತೆ ಮತ್ತೆ ಆಡಿ ಗೆಲ್ಲುವವರುಂಟು. ಹಾಗೆ ಗೆದ್ದವರಿಗೆ ಕಥೆಯ ಕೊನೆ ಸಿಗುತ್ತದೆ, ಆಟ ಬರುವುದಿಲ್ಲ.

ಇಷ್ಟೆಲ್ಲ ಹೇಳಿದ್ದು ಪೀಠಿಕೆಯೆಂದರೂ ತಪ್ಪಿಲ್ಲ. ನನಗೆ ನಿಜವಾಗಿ ವಾದಿಸಬೇಕಾದ ವಿಷಯ ಮುಂದಿನದು.

ಈಟಿಯವನೊಬ್ಬನನ್ನು ಸೇರಿಸಿಕೊಳ್ಳಲು ೧೪ ವರಹ ಸಾಕು. ಅಗ್ಗದ ಆಳು. ಅದಕ್ಕಾಗಿ ಪಳಗಿದ ಆಟಗಾರರು ಅನೇಕರು ಅವನನ್ನು ಮುಂದಕ್ಕೆ ತಳ್ಳಿ, ಶತ್ರುವಿನ ಏಟೆಲ್ಲ ಅವನ ಮೇಲೆ ತೀರಲೆಂದು ಬಿಡುತ್ತಾರೆ. ಹಿಂದಿನಿಂದ ತಮ್ಮ ಹಿರಿಯ ಯೋಧನನ್ನು ತಂದು ಕೊನೆಯ ಏಟು ಹಾಕಿಸುತ್ತಾರೆ. ಇದು ಜಾಣತನವೆಂದು ಹೊಸಬರಿಗೂ ಕಲಿಸುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಕನಿಕರದಿಂದ ಮಾತ್ರವಲ್ಲ, ಲೆಕ್ಕದಿಂದಲೂ ಒಪ್ಪುವುದಿಲ್ಲ. ಮೊದಲ ದರ್ಜೆಯ ಶತ್ರುವಿನೊಡನೆ ಬರಿದೆ ಕಾದಿದವನಿಗೆ ಅನುಭವದ ಅಂಕ ೧. ಅವನನ್ನು ಕೆಡವಿದವನಿಗೆ ೮. ಈಗಾಗಲೇ ಮೇಲೇರಿದವನಿಗೆ ಆ ಎಂಟರಿಂದ ಆಗುವ ಲಾಭ ಅತ್ಯಲ್ಪ. ಅದೇ ಎಂಟು ಹೊಸ ಆಳಿಗೆ ಸಿಕ್ಕರೆ ಅವನು ಕೆಲವೇ ಕಾಳಗಗಳಲ್ಲಿ ಎರಡನೆಯ ದರ್ಜೆಗೆ ಬರುತ್ತಾನೆ. ಏರಿದ ಕ್ಷಣದಲ್ಲಿ ಅವನ ಗಾಯವೆಲ್ಲ ಮಾಯುತ್ತದೆ. ಮುಂದಿನ ಕಾಳಗಕ್ಕೆ ೨೦ ವರಹ ತೆತ್ತು ಅವನನ್ನೇ ಕರೆಸಿಕೊಳ್ಳಬಹುದು. ಹಿರಿಯನು ಶತ್ರುವನ್ನು ಬಡಿದು ಮೆತ್ತಗೆ ಮಾಡಿ, ಕೊನೆಯ ಏಟನ್ನು ಕಿರಿಯನಿಗೆ ಬಿಟ್ಟುಕೊಡಬೇಕು. ಮೊದಲ ಎರಡು ಕಾಳಗಗಳಲ್ಲಿ ಇದರಿಂದ ತುಸು ನಿಧಾನವಾಗುವುದು ನಿಜ. ಐದನೆಯದರಲ್ಲಿ, ಒಬ್ಬ ಮಹಾವೀರನನ್ನು ನಂಬಿ ಬಂದವನು ಅವನು ಬಿದ್ದೊಡನೆ ಕೈಚೆಲ್ಲುತ್ತಾನೆ. ನಿಮ್ಮ ಬಳಿ ಏಳೆಂಟು ಮಂದಿ ನುರಿತವರಿರುತ್ತಾರೆ.

ಆ ಹದಿನಾಲ್ಕು ವರಹದವನ ಮೇಲೆ ಒಮ್ಮೆ ಬೆರಳಿಟ್ಟು ನೋಡಿ. ಅವನಿಗೊಂದು ಹೆಸರಿದೆ. ಬಲಿಷ್ಠ, ಚುರುಕು, ಗಟ್ಟಿ, ಬುದ್ಧಿವಂತ ಎಂಬ ನಾಲ್ಕು ಗುಣಗಳಲ್ಲಿ ಎರಡು ಅವನಲ್ಲಿವೆ. ‘ಬುದ್ಧಿವಂತ’ನಾದರೆ ಮೇಲೇರಲು ಅವನಿಗೆ ಬೇಕಾದ ಅನುಭವ ಐದರಲ್ಲಿ ಒಂದು ಪಾಲು ಕಡಿಮೆ. ನೋಡದೆ ಮುಂದಕ್ಕೆ ತಳ್ಳಿದವನಿಗೆ ತಾನು ಯಾರನ್ನು ಕಳೆದುಕೊಂಡೆನೆಂಬುದೇ ತಿಳಿಯುವುದಿಲ್ಲ. ಪಿ.ಯು.ಸಿ.ಯಲ್ಲಿ ನಮಗೆ ಇತಿಹಾಸ ಹೇಳುತ್ತಿದ್ದ ಅಧ್ಯಾಪಕರೊಬ್ಬರು ಮೊದಲ ಬೆಂಚಿನ ಎತ್ತಿದ ಕೈಗಳನ್ನೆಲ್ಲ ಕೆಳಗಿಳಿಸಿ, ಕೊನೆಯ ಬೆಂಚಿನ ನನ್ನಂಥವನಿಂದ ತಡವರಿಸಿದ ಉತ್ತರವನ್ನು ಕಾದು ಹೊರಡಿಸುತ್ತಿದ್ದರು. ಪಾಠ ಆ ದಿನ ಎರಡು ಪುಟ ಹಿಂದೆ ಬೀಳುತ್ತಿತ್ತು. ನಾನು ಇಂದು ಅಂತಿಮ ಬಿ.ಎ. ತರಗತಿಯಲ್ಲಿ ಕೂತಿರುವುದಕ್ಕೆ ಆ ಹಿಂದೆ ಬಿದ್ದ ಪುಟಗಳೂ ಕಾರಣ.

ಎಲ್ಲ ಆಳುಗಳನ್ನೂ ಉಳಿಸಿಕೊಳ್ಳಬಹುದೆಂದು ನಾನು ಹೇಳುತ್ತಿಲ್ಲ. ದಂಡನಾಯಕ ಬಿದ್ದರೆ ಕಾಳಗವೇ ಸೋತಂತೆ. ಅವನನ್ನು ಉಳಿಸಲು ಯಾರೋ ಒಬ್ಬ ಸೇತುವೆಯ ಮೇಲೆ ನಿಲ್ಲಲೇಬೇಕಾದ ಸಂದರ್ಭ ಬರುತ್ತದೆ. ಆಗ ಯಾರನ್ನು ನಿಲ್ಲಿಸಬೇಕೆಂದು ಹತ್ತು ನಿಮಿಷ ಯೋಚಿಸಿರಿ. ಸರದಿಯ ಆಟದ ದೊಡ್ಡ ಉಪಕಾರ ಆ ಹತ್ತು ನಿಮಿಷವೇ. ಬಂದೂಕು ಹಿಡಿದು ಓಡುವ ಮೊಬೈಲಿನ ಆಟಗಳಲ್ಲಿ ಅರೆಕ್ಷಣವೂ ಸಿಗುವುದಿಲ್ಲ. ಅವುಗಳ ಮೇಲೆ ನನಗೆ ದ್ವೇಷವಿಲ್ಲ, ಅವು ಬೇರೆ ಜಾತಿ.

ಆರಂಭಿಸುವವರು ಮೊದಲು ಆಟದೊಳಗೇ ಇರುವ ಪಾಠವನ್ನು ಮುಗಿಸಿ, ಅನಂತರ ‘ಎ ಟೇಲ್ ಆಫ್ ಟು ಬ್ರದರ್ಸ್’ ಎಂಬ ಕಥೆಯನ್ನು ಹಿಡಿಯಬಹುದು. ಚಿಕ್ಕದು, ಶನಿವಾರ, ಭಾನುವಾರಗಳಲ್ಲಿ ಮುಗಿಯುತ್ತದೆ. ಆಮೇಲೆ ‘ದಿ ಸೌತ್ ಗಾರ್ಡ್’. ಹೆಸರು ಕೇಳಿ ‘ಏರ್ ಟು ದಿ ಥ್ರೋನ್’ ಎಂಬ ಉದ್ದನೆಯ ಕಥೆಗೆ ಮೊದಲೇ ಕೈ ಹಾಕಿ ಅರ್ಧಕ್ಕೆ ಬಿಟ್ಟವರನ್ನು ನಾನು ಹಾಸ್ಟೆಲಿನಲ್ಲಿಯೇ ನಾಲ್ವರನ್ನು ಬಲ್ಲೆ. ನಮ್ಮ ಕಾಲೇಜಿನ ಕಂಪ್ಯೂಟರು ಕೊಠಡಿ ಶನಿವಾರ ಮಧ್ಯಾಹ್ನ ಬೀಗ ಹಾಕಿಕೊಂಡಿರುತ್ತದೆ. ಅದನ್ನು ಎರಡು ಗಂಟೆ ತೆರೆದಿಡಲು ಪ್ರಾಂಶುಪಾಲರು ಮನಸ್ಸು ಮಾಡಿದರೆ, ಲ್ಯಾಪ್‌ಟಾಪಿಲ್ಲದ ನಮ್ಮಲ್ಲಿ ಬಹುಮಂದಿಗೆ ಅನುಕೂಲವಾದೀತು. ಬಾಗಿಲು ಕಾಯುವ, ಕೊನೆಗೆ ಕಸ ಗುಡಿಸುವ ಹೊಣೆಯನ್ನು ವಿದ್ಯಾರ್ಥಿಗಳಾದ ನಾವು ಹೊತ್ತೇವು.

ಕನ್ನಡ ಐಚ್ಛಿಕದ ಮಿತ್ರರಲ್ಲಿ ಇನ್ನೊಂದು ಬಿನ್ನಹ. ಈ ಆಟದ ಮಾತುಗಳನ್ನು ಸ್ವಯಂಸೇವಕರು ಹಲವು ಭಾಷೆಗಳಿಗೆ ತಂದಿದ್ದಾರೆ. ಅದರ ಒಳಗಣ ಬರಹವನ್ನು ಯಾರು ಬೇಕಾದರೂ ತೆರೆದು ತಮ್ಮ ನುಡಿಗೆ ಮಾಡಿಕೊಳ್ಳಲು ಅನುಮತಿಯಿದೆ. ಇಂಗ್ಲಿಷಿನ ಭಯದಿಂದಲೇ ಸಹಾಯ ಪುಟ ತೆರೆಯದ ಗೆಳೆಯರು ನಮ್ಮಲ್ಲಿದ್ದಾರೆ. ಒಂದು ಚಿಕ್ಕ ಕಥೆಯನ್ನಾದರೂ ಈ ವರ್ಷ ಕನ್ನಡಿಸೋಣ. ಮನೆ, ಕಾಯಿ, ಸರದಿ ಎಂಬ ಮಾತುಗಳು ಜಗಲಿಯ ಆಟಗಳಿಂದ ಸಿದ್ಧವಾಗಿಯೇ ಸಿಗುತ್ತವೆ. ಶತ್ರುವಿನ ಸುತ್ತಲ ಆರು ಮನೆಗಳಲ್ಲಿ ನಡಿಗೆಯನ್ನು ತಡೆಯುವ ಆ ನಿಯಮಕ್ಕೆ ‘ಅಡ್ಡಗಾವಲು’ ಎನ್ನಬಹುದೆಂದು ನನಗೆ ತೋರುತ್ತದೆ. ಇದಕ್ಕಿಂತ ಒಳ್ಳೆಯ ಮಾತು ಹೊಳೆದವರು ದಯವಿಟ್ಟು ಸಂಜೆ ಐದರ ಮೇಲೆ ಹಾಸ್ಟೆಲಿನ ಜಗಲಿಗೆ ಬಂದು ತಿಳಿಸಬೇಕು.